ಮರ ಎಷ್ಟು ಮಾತಾಡಬೇಕು?

ಲೇಬಲ್ಲಿನ ಮೇಲೆ ‘ಪೀಪಾಯಿಯಲ್ಲಿ ಮಾಗಿಸಿದ್ದು’ ಎಂದಿದ್ದರೆ ಬಿಯರಿನ ಬೆಲೆ ಏರುತ್ತದೆ, ಕೊಳ್ಳುವವರ ನಿರೀಕ್ಷೆಯೂ ಏರುತ್ತದೆ. ಆದರೆ ಆ ಒಂದು ಲೇಬಲ್ಲಿನ ಹಿಂದೆ ಎರಡು ಬೇರೆ ಬೇರೆ ಕಸುಬುಗಳಿವೆ. ಒಂದರಲ್ಲಿ ವಿಸ್ಕಿ ಬಸಿದು ಖಾಲಿಯಾದ ಪೀಪಾಯಿಗೆ ಬಿಯರ್ ತುಂಬುತ್ತಾರೆ. ಮರದೊಳಗೆ ಇಂಗಿದ ವಿಸ್ಕಿಯೂ ಸುಟ್ಟ ಓಕಿನ ರುಚಿಯೂ ಬಿಯರಿಗೆ ಹಿಡಿಯಲಿ ಎಂಬುದು ಅಲ್ಲಿನ ಉದ್ದೇಶ. ಇನ್ನೊಂದರಲ್ಲಿ ಪೀಪಾಯಿ ಎಂದರೆ ಆಳೆತ್ತರವನ್ನೂ ಮೀರಿದ, ತಲೆಮಾರುಗಳಷ್ಟು ಹಳೆಯದಾದ ಮರದ ತೊಟ್ಟಿ. ಅದರ ಮರದಲ್ಲಿ ಸ್ವಂತದ ರುಚಿ ಹೆಚ್ಚೇನೂ ಉಳಿದಿರುವುದಿಲ್ಲ. ಅದರಲ್ಲಿ ನೆಲೆಸಿದ ಯೀಸ್ಟು, ಬ್ಯಾಕ್ಟೀರಿಯಾಗಳು ಬಿಯರನ್ನೇ ಬೇರೆಯಾಗಿ ಮಾಡುತ್ತವೆ. ಮೊದಲನೆಯ ಕಸುಬಿಗೆ ಮಾದರಿ ಅಮೆರಿಕದ ಷಿಕಾಗೋ ನಗರದ ಗೂಸ್ ಐಲ್ಯಾಂಡ್ ಬ್ರೂವರಿಯ ‘ಬರ್ಬನ್ ಕೌಂಟಿ ಸ್ಟೌಟ್’. ಎರಡನೆಯದಕ್ಕೆ ಬೆಲ್ಜಿಯಂನ ರೂಸೆಲಾರೆ ಪಟ್ಟಣದ ‘ರೋಡೆನ್‌ಬಾಖ್ ಗ್ರಾಂ ಕ್ರೂ’.

ಎರಡನ್ನೂ ನಾನು ಇಷ್ಟಪಟ್ಟೇ ಕುಡಿದಿದ್ದೇನೆ. ಎರಡಕ್ಕೂ ಬಿಯರಿನ ಚರಿತ್ರೆಯಲ್ಲಿ ಗಟ್ಟಿಯಾದ ಜಾಗವಿದೆ. ಆದರೂ ಎರಡನ್ನೂ ಒಂದೇ ಮಣೆಯ ಮೇಲೆ ಕೂರಿಸಲು ನನ್ನ ನಾಲಿಗೆ ಒಪ್ಪುವುದಿಲ್ಲ. ಮರದಿಂದ ಹೊರಬಂದ ಬಿಯರಿನ ಮುಂದೆ ನಾನು ಇಡುವ ಪ್ರಶ್ನೆಗಳು ಎರಡು. ಮರ ತನ್ನ ಕೆಲಸ ಮುಗಿಸಿದ ಮೇಲೂ ಬಾರ್ಲಿಯ ರುಚಿ ಸಿಗುತ್ತಿದೆಯೆ? ಲೋಟ ಬರಿದಾದ ಮೇಲೆ ಇನ್ನೊಂದು ಬೇಕೆನಿಸುತ್ತದೆಯೆ? ಈ ಎರಡಕ್ಕೂ ಹೌದೆನ್ನುವ ಬಿಯರು ನನಗೆ ದೊಡ್ಡದು. ಆ ಅಳತೆಯಲ್ಲಿ ರೋಡೆನ್‌ಬಾಖ್ ಮೇಲು. ಏಕೆಂದು ಹೇಳಬೇಕಾದರೆ ಮರ ಏನು ಮಾಡುತ್ತದೆ ಎಂಬಲ್ಲಿಂದ ಶುರುಮಾಡಬೇಕು.

ಬರ್ಬನ್ ವಿಸ್ಕಿಯನ್ನು ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು ಎಂಬುದು ಅಮೆರಿಕದ ಕಾನೂನು. ಒಂದು ಪೀಪಾಯಿಗೆ 53 ಗ್ಯಾಲನ್, ಅಂದರೆ ಸುಮಾರು 200 ಲೀಟರ್ ಹಿಡಿಯುತ್ತದೆ. ಒಳಮೈ ಬೆಂಕಿಗೆ ಸುಟ್ಟು ಇದ್ದಿಲಾಗುತ್ತದೆ. ಇದ್ದಿಲಿನ ಹಿಂದಿನ ಪದರದಲ್ಲಿ ಮರದ ಸಕ್ಕರೆಗಳು ಪಾಕವಾಗಿ ಕೆಂಪಗಾಗುತ್ತವೆ, ಲಿಗ್ನಿನ್ ಒಡೆದು ವೆನಿಲ್ಲಾದ ವಾಸನೆ ಕೊಡುವ ವೆನಿಲಿನ್ ಆಗುತ್ತದೆ. ಓಕಿನಲ್ಲಿರುವ ಲ್ಯಾಕ್ಟೋನುಗಳಿಂದ ತೆಂಗಿನಕಾಯಿಯ ಪರಿಮಳ, ಟ್ಯಾನಿನ್ನುಗಳಿಂದ ಒಗರು. ವಿಸ್ಕಿ ಇವುಗಳಲ್ಲಿ ಬಹುಪಾಲನ್ನು ಎಳೆದುಕೊಂಡು ಹೋಗುತ್ತದೆ. ಕಾನೂನಿನ ಪ್ರಕಾರ ಆ ಪೀಪಾಯಿಯಲ್ಲಿ ಮತ್ತೆ ಬರ್ಬನ್ ಮಾಡುವಂತಿಲ್ಲ, ಹಾಗಾಗಿ ಅದು ಮಾರಾಟಕ್ಕೆ ಬರುತ್ತದೆ. ಸ್ಕಾಟ್ಲೆಂಡಿನ ವಿಸ್ಕಿಯವರು ಕೊಳ್ಳುತ್ತಾರೆ, ಬೆಂಗಳೂರಿನ ಅಮೃತ್ ಡಿಸ್ಟಿಲರಿಯವರೂ ಬಳಸುತ್ತಾರೆ. ಖಾಲಿ ಎನ್ನುವ ಆ ಪೀಪಾಯಿಯ ಹಲಗೆಗಳಲ್ಲಿ ಲೀಟರುಗಟ್ಟಲೆ ವಿಸ್ಕಿ ಇಂಗಿಕೊಂಡಿರುತ್ತದೆ. ಬಿಯರಿನವರಿಗೆ ಬೇಕಾದದ್ದು ಅದು.

ಮರ ಮಾಡುವ ಇನ್ನೊಂದು ಕೆಲಸ ನಿಧಾನದ್ದು. ಓಕಿನ ಸಣ್ಣ ರಂಧ್ರಗಳಿಂದ ಗಾಳಿ ಬಹಳ ಮೆಲ್ಲಗೆ ಒಳಗೆ ಬರುತ್ತದೆ. ಆ ಚೂರು ಗಾಳಿಯಲ್ಲಿ ಬದುಕುವ ಜೀವಿಗಳು ಹಲಗೆಯ ಸಂದುಗಳಲ್ಲಿ ಮನೆ ಮಾಡುತ್ತವೆ. ಅವುಗಳಲ್ಲಿ ಮುಖ್ಯವಾದ ಬ್ರೆಟನೊಮೈಸಿಸ್ ಎಂಬ ಯೀಸ್ಟನ್ನು ಡೆನ್ಮಾರ್ಕಿನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ನೀಲ್ಸ್ ಯೆಲ್ಟೆ ಕ್ಲಾಸನ್ 1904ರಲ್ಲಿ ಲೋಕಕ್ಕೆ ತಿಳಿಸಿದ. ಇಂಗ್ಲೆಂಡಿನ ಹಳೆಯ ಬಿಯರುಗಳಿಗೆ ಅವುಗಳ ವಿಶಿಷ್ಟ ಪರಿಮಳ ಬರುವುದು ಈ ಯೀಸ್ಟಿನಿಂದ ಎಂದು ತೋರಿಸಿದ್ದು ಅವನು.

ಪೀಪಾಯಿಯ ಗಾತ್ರವೇ ಈ ಎರಡು ಕೆಲಸಗಳಲ್ಲಿ ಯಾವುದು ಮುಂದಾಗಬೇಕು ಎಂಬುದನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಒಂದೇ ಆಕಾರದ ಪೀಪಾಯಿ 200 ಲೀಟರಿನಿಂದ 20,000 ಲೀಟರಿಗೆ ಹಿಗ್ಗಿತು ಎಂದುಕೊಳ್ಳಿ. ಹಿಡಿಯುವ ಬಿಯರು ನೂರು ಪಟ್ಟು ಹೆಚ್ಚುತ್ತದೆ. ಆದರೆ ಪ್ರತಿ ಲೀಟರಿಗೆ ತಾಗುವ ಮರ ಮೊದಲಿದ್ದುದರ ನಾಲ್ಕನೆಯ ಒಂದು ಭಾಗಕ್ಕಿಂತಲೂ ಕಡಿಮೆಯಾಗುತ್ತದೆ. ಸಣ್ಣ ಪೀಪಾಯಿಯಲ್ಲಿ ಮರವೂ ಗಾಳಿಯೂ ಬಿಯರಿನ ಮೇಲೆ ಮುಗಿಬೀಳುತ್ತವೆ, ಕೆಲವೇ ತಿಂಗಳುಗಳಲ್ಲಿ ಅವುಗಳ ಗುರುತು ಮೂಡುತ್ತದೆ. ದೊಡ್ಡ ತೊಟ್ಟಿಯಲ್ಲಿ ವರ್ಷಗಳು ಬೇಕು. ಷಿಕಾಗೋದವರು ಸಣ್ಣದನ್ನು ಹಿಡಿದರು, ರೂಸೆಲಾರೆಯವರು ದೊಡ್ಡದನ್ನು.

ಗೂಸ್ ಐಲ್ಯಾಂಡನ್ನು ಜಾನ್ ಹಾಲ್ 1988ರಲ್ಲಿ ಷಿಕಾಗೋದ ಕ್ಲೈಬೋರ್ನ್ ಅವೆನ್ಯೂವಿನಲ್ಲಿ ಪಬ್ ಆಗಿ ತೆರೆದ. ಬಿಯರ್ ಕಾಯಿಸುವ ಹೊಣೆ ಮುಂದೆ ಮಗ ಗ್ರೆಗ್ ಹಾಲ್‌ಗೆ ಬಂತು. ಜಿಮ್ ಬೀಮ್ ಮನೆತನದ ಹೆಸರಾಂತ ಡಿಸ್ಟಿಲರ್ ಬುಕರ್ ನೋ ಜೊತೆ ಒಂದು ಊಟದ ಕೂಟದಲ್ಲಿ ಮಾತಾಡುತ್ತಾ ಗ್ರೆಗ್‌ಗೆ ಬರ್ಬನ್ ಪೀಪಾಯಿಗೆ ಬಿಯರ್ ತುಂಬುವ ವಿಚಾರ ಹೊಳೆಯಿತು. ಜಿಮ್ ಬೀಮ್‌ನ ಆರು ಪೀಪಾಯಿಗಳು ಬಂದವು, ಪಬ್ಬಿನ ಸಾವಿರನೆಯ ಕಾಯಿಸುವಿಕೆಗೆಂದು ಮಾಡಿದ ದಪ್ಪ ಕಪ್ಪು ಸ್ಟೌಟು ಅವಕ್ಕೆ ಇಳಿಯಿತು. ಇದು 1992ರಲ್ಲಿ ಎಂದು ಕಂಪನಿ ಹೇಳುತ್ತಾ ಬಂದಿದೆ, ದಾಖಲೆ ಕೆದಕಿದವರು 1995 ಎನ್ನುತ್ತಾರೆ. ವರ್ಷ ಯಾವುದೇ ಇರಲಿ, ಇದು ಆಗ ಅಮೆರಿಕದ ಬಿಯರ್ ಸ್ಪರ್ಧೆಯ ಯಾವ ವರ್ಗಕ್ಕೂ ಸೇರದ ಬಿಯರಾಗಿತ್ತು. ಇಂದು ‘ಮರದಲ್ಲಿ ಮಾಗಿಸಿದ ಬಿಯರ್’ ಎಂಬ ವರ್ಗವಿಲ್ಲದ ದೊಡ್ಡ ಸ್ಪರ್ಧೆಯೇ ಅಪರೂಪ. ಒಂದು ಕೃತಿ ತನ್ನ ಪ್ರಕಾರವನ್ನೇ ಹುಟ್ಟುಹಾಕಿತು ಎಂದರೆ ಅದು ಸಣ್ಣ ಸಾಧನೆಯಲ್ಲ.

ಈ ಬಿಯರನ್ನು ಫ್ರಿಜ್ಜಿನಿಂದ ತೆಗೆದ ಕೂಡಲೇ ಕುಡಿಯಬಾರದು. ತಣ್ಣಗಿದ್ದಾಗ ಬರೀ ಸಿಹಿ ಮತ್ತು ಸುಟ್ಟ ಕಹಿ ಮಾತ್ರ ಗೊತ್ತಾಗುತ್ತದೆ. ಅರ್ಧ ಗಂಟೆ ಹೊರಗಿಟ್ಟು, ಬಾಯಿ ಕಿರಿದಾದ ಲೋಟಕ್ಕೆ ಸ್ವಲ್ಪವೇ ಬಗ್ಗಿಸಬೇಕು. ಬಣ್ಣ ಬೆಳಕು ತೂರದಷ್ಟು ಕಪ್ಪು. ಕಂದು ನೊರೆ ಎದ್ದಷ್ಟೇ ಬೇಗ ಇಳಿದುಹೋಗುತ್ತದೆ. ಮೂಗಿಗೆ ಮೊದಲು ಬರುವುದು ವೆನಿಲ್ಲಾ, ಆಮೇಲೆ ತೆಂಗಿನಕಾಯಿ, ಕಾಯಿಸಿದ ಸಕ್ಕರೆ, ಅವುಗಳ ಹಿಂದೆ ಚಾಕೊಲೇಟು. ಬಾಯಿಗೆ ಬಿದ್ದಾಗ ಎಣ್ಣೆಯಷ್ಟು ದಪ್ಪ. ಸಿಹಿ ನಾಲಿಗೆಯನ್ನು ಪೂರ್ತಿ ಆವರಿಸುತ್ತದೆ, ನಡುವೆ ಹುರಿದ ಬಾರ್ಲಿಯ ಕಹಿ ಎದ್ದು ಆ ಸಿಹಿಯನ್ನು ತಡೆಯುತ್ತದೆ, ಕೊನೆಗೆ ಆಲ್ಕೋಹಾಲಿನ ಬಿಸುಪು ಗಂಟಲಿನಿಂದ ಎದೆಗೆ ಇಳಿಯುತ್ತದೆ. ಲೋಟ ಬೆಚ್ಚಗಾದಂತೆ ಒಣದ್ರಾಕ್ಷಿ, ಖರ್ಜೂರ, ತಂಬಾಕಿನ ಎಲೆಯ ವಾಸನೆಗಳು ಒಂದೊಂದಾಗಿ ಬರುತ್ತವೆ. ಒಂದೇ ಲೋಟದಲ್ಲಿ ಇಷ್ಟು ಬದಲಾವಣೆ ತೋರಿಸುವ ಬಿಯರುಗಳು ಕಡಿಮೆ.

ಇದರ ಯಶಸ್ಸಿಗೆ ಕಾರಣ ಪೀಪಾಯಿಗಿಂತ ಹೆಚ್ಚಾಗಿ ಪೀಪಾಯಿಗೆ ಹಾಕಿದ ಬಿಯರು. ಬರ್ಬನ್ ಪೀಪಾಯಿಯಲ್ಲಿ ತೆಳ್ಳಗಿನ ಬಿಯರಿಟ್ಟರೆ ಅದು ನೀರು ಬೆರೆಸಿದ ವಿಸ್ಕಿಯಂತಾಗುತ್ತದೆ. ಗ್ರೆಗ್ ಹಾಲ್‌ನ ಸ್ಟೌಟು ವಿಸ್ಕಿಯ ಎದುರು ನಿಲ್ಲುವಷ್ಟು ದಪ್ಪವೂ ಕಹಿಯೂ ಆಗಿದ್ದರಿಂದ ಒಳ್ಳೆಯ ವರ್ಷಗಳಲ್ಲಿ ಎರಡರ ನಡುವೆ ನಿಜವಾದ ಜಟಾಪಟಿ ನಡೆಯುತ್ತದೆ. ಆ ವರ್ಷಗಳ ಬಾಟಲಿಗಳಲ್ಲಿ ಮೊದಲ ಪ್ರಶ್ನೆಗೆ ಹೌದೆಂಬ ಉತ್ತರವಿದೆ: ಮರದ ಆಚೆಗೂ ಬಾರ್ಲಿ ಸಿಗುತ್ತದೆ.

ಎರಡನೆಯ ಪ್ರಶ್ನೆಗೆ ಉತ್ತರ ಇಲ್ಲ ಎಂದೇ. ಬರ್ಬನ್ ಕೌಂಟಿಯ ಆಲ್ಕೋಹಾಲಿನ ಪ್ರಮಾಣ ವರ್ಷದಿಂದ ವರ್ಷಕ್ಕೆ ತುಸು ಬದಲಾದರೂ ಸುಮಾರು ಶೇ 14ರ ಹತ್ತಿರ ಇರುತ್ತದೆ. 500 ಮಿಲಿಲೀಟರಿನ ಒಂದು ಬಾಟಲಿಯಲ್ಲಿ ಆಗ 70 ಮಿಲಿಲೀಟರ್ ಶುದ್ಧ ಆಲ್ಕೋಹಾಲು ಇದ್ದ ಹಾಗಾಯಿತು. ನಮ್ಮಲ್ಲಿ ಮಾರುವ ಶೇ 42.8ರ ವಿಸ್ಕಿಯ ಲೆಕ್ಕದಲ್ಲಿ ಅದು 30 ಮಿಲಿಲೀಟರಿನ ಐದೂವರೆ ಪೆಗ್ಗಿಗೆ ಸಮ. ನಾಲ್ವರು ಹಂಚಿಕೊಂಡು ಕುಡಿಯಬೇಕಾದ ಬಾಟಲಿ ಇದು. ಹಾಗೆ ಹಂಚಿಕೊಂಡಾಗಲೂ ಮೂರನೆಯ ಗುಟುಕಿಗೆ ಸಿಕ್ಕಿದ ಬೆರಗು ಹತ್ತನೆಯ ಗುಟುಕಿನ ಹೊತ್ತಿಗೆ ಭಾರವಾಗಿರುತ್ತದೆ. ಸಿಹಿ ಬಾಯಲ್ಲಿ ಅಂಟಿ ಕೂರುತ್ತದೆ, ಅದನ್ನು ತೊಳೆಯುವ ಹುಳಿಯಾಗಲಿ ಸಾಕಷ್ಟು ಒಗರಾಗಲಿ ಬಿಯರಿನೊಳಗೆ ಇಲ್ಲ. ಮೆಚ್ಚುತ್ತಲೇ ಲೋಟವನ್ನು ಕೆಳಗಿಡುತ್ತೇವೆ.

ಈ ಸ್ಟೌಟಿಗೆ ಬಂದ ಬಗೆಬಗೆಯ ಅವತಾರಗಳು ನನ್ನ ಆಕ್ಷೇಪಕ್ಕೆ ಇನ್ನಷ್ಟು ಬಲ ಕೊಡುತ್ತವೆ. ಕಾಫಿ ಹಾಕಿದ್ದು ಬಂತು, ವೆನಿಲ್ಲಾ ಕೋಡು ಹಾಕಿದ್ದು ಬಂತು, ತೆಂಗಿನಕಾಯಿ ಹಾಕಿದ್ದೂ ಬಂತು. ಕಾಫಿಯದ್ದು ನನಗೆ ಒಪ್ಪಿಗೆ. ಹುರಿದ ಬಾರ್ಲಿಗೆ ಕಾಫಿ ನೆಂಟ, ಅದರ ಕಹಿ ಸಿಹಿಯನ್ನು ತಗ್ಗಿಸುತ್ತದೆ. ಆದರೆ ವೆನಿಲ್ಲಾ ಮತ್ತು ತೆಂಗಿನಕಾಯಿಯ ಪರಿಮಳ ಕೊಡುವುದಕ್ಕೇ ಅಲ್ಲವೆ ಓಕ್ ಮರ ಇರುವುದು? ಸುಟ್ಟ ಹಲಗೆಯಿಂದ ತಿಂಗಳುಗಟ್ಟಲೆ ಕಾದು ಪಡೆದದ್ದನ್ನೇ ಮತ್ತೆ ಹೊರಗಿನಿಂದ ಸುರಿದರೆ, ಕಾದದ್ದರಲ್ಲಿ ಏನು ಉಳಿಯಿತು? ಚಿಕೋರಿ ಜಾಸ್ತಿಯಾದ ಡಿಕಾಕ್ಷನ್ನಿನಲ್ಲಿ ಬೀಜ ಯಾವ ತೋಟದ್ದಾದರೂ ಒಂದೇ ಆಗುವ ಹಾಗೆ, ಇಲ್ಲಿ ಪೀಪಾಯಿ ಯಾವುದಾದರೂ, ಸ್ಟೌಟು ಯಾವುದಾದರೂ ನಾಲಿಗೆಗೆ ವ್ಯತ್ಯಾಸ ತಿಳಿಯುವುದಿಲ್ಲ. ಇದಕ್ಕೆ ಎದುರಾಗಿ 2010ರ ‘ರೇರ್’ ಎಂಬ ಆವೃತ್ತಿ ಇದೆ. ಅದಕ್ಕೆ 23 ವರ್ಷದ ಪ್ಯಾಪಿ ವ್ಯಾನ್ ವಿಂಕಲ್ ಬರ್ಬನ್ನಿನ ಪೀಪಾಯಿಗಳನ್ನು ಆರಿಸಿ, ಬಿಯರನ್ನು ಎರಡು ವರ್ಷ ಮಾಗಿಸಿಟ್ಟರು. ಏನನ್ನೂ ಸೇರಿಸದೆ ಮರವನ್ನೇ ಆರಿಸಿಕೊಳ್ಳುವ ಆ ದಾರಿಯೇ ಈ ಬಿಯರಿನ ಮೂಲ ವಿಚಾರಕ್ಕೆ ನಿಷ್ಠವಾದದ್ದು.

2011ರಲ್ಲಿ ಆನ್‌ಹೈಸರ್-ಬುಷ್ ಕಂಪನಿ ಗೂಸ್ ಐಲ್ಯಾಂಡನ್ನು 3.88 ಕೋಟಿ ಡಾಲರಿಗೆ ಕೊಂಡಿತು. ಕ್ರಾಫ್ಟ್ ಬಿಯರಿನ ಅಭಿಮಾನಿಗಳು ಇದನ್ನು ದ್ರೋಹವೆಂದೇ ಕಂಡರು. ನನಗೆ ಈ ಸಿಟ್ಟು ಅರ್ಥವಾಗುತ್ತದೆ, ಆದರೆ ಲೋಟದ ತೀರ್ಪಿಗೆ ಅದನ್ನು ತರಲಾರೆ. ದೊಡ್ಡ ಬಂಡವಾಳದಿಂದ ಹೆಚ್ಚು ಪೀಪಾಯಿಗಳು ಬಂದವು, ಹೆಚ್ಚು ಜನರಿಗೆ ಬಿಯರು ಸಿಕ್ಕಿತು. ಪ್ರತಿ ನವೆಂಬರಿನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಮರುದಿನದ ಶುಕ್ರವಾರ, ಅಂಗಡಿಗಳ ಮುಂದೆ ಇದಕ್ಕಾಗಿ ಸಾಲು ನಿಲ್ಲುವ ರೂಢಿಯೂ ಗಟ್ಟಿಯಾಯಿತು. ರುಚಿಯ ದೃಷ್ಟಿಯಿಂದ ಮುಖ್ಯವಾದದ್ದು 2015ರ ಬಾಟಲಿಗಳಿಗೆ ಆದದ್ದು. ಆ ವರ್ಷದ ಕೆಲವು ಬಿಯರುಗಳಲ್ಲಿ ಲ್ಯಾಕ್ಟೋಬ್ಯಾಸಿಲಸ್ ಅಸಿಟೋಟಾಲರೆನ್ಸ್ ಎಂಬ ಬ್ಯಾಕ್ಟೀರಿಯಾ ಸೇರಿಕೊಂಡು ರುಚಿ ಹುಳಿಗೆ ತಿರುಗಿತು. ಕಂಪನಿ ಒಪ್ಪಿಕೊಂಡು ಹಣ ವಾಪಸು ಕೊಟ್ಟಿತು, ಮರುವರ್ಷದಿಂದ ಬಿಯರನ್ನು ಪಾಶ್ಚರೀಕರಿಸಿ ಬಾಟಲಿಗೆ ತುಂಬತೊಡಗಿತು.

ಅದು ಸರಿಯಾದ ನಿರ್ಧಾರವೇ. ಹುಳಿಯಾದ ಬರ್ಬನ್ ಕೌಂಟಿ ಯಾರಿಗೂ ಬೇಡ. ಆದರೆ ಈ ಘಟನೆ ಆ ಕಸುಬಿನ ಗಡಿಯನ್ನು ತೋರಿಸಿಕೊಟ್ಟಿತು. ಮರದಿಂದ ರುಚಿ ಬೇಕು, ಮರದೊಳಗಿನ ಜೀವ ಬೇಡ ಎನ್ನುವ ಕಸುಬು ಅದು. ಅಲ್ಲಿ ಪೀಪಾಯಿ ಒಂದು ಪದಾರ್ಥ. ಒಮ್ಮೆ ಅದರ ಸತ್ವ ಹೀರಿಕೊಂಡರೆ ಅದರ ಉಪಯೋಗ ಮುಗಿಯಿತು. ಷಿಕಾಗೋದಲ್ಲಿ ಬಿಯರನ್ನು ಕೆಡಿಸಿದ ಕುಲದ ಬ್ಯಾಕ್ಟೀರಿಯಾಗಳನ್ನೇ ಸಾಕಿ, ಅವುಗಳ ಮೇಲೆ ಎರಡು ಶತಮಾನಗಳ ಹೆಸರು ಕಟ್ಟಿಕೊಂಡ ಬ್ರೂವರಿಯೊಂದು ಬೆಲ್ಜಿಯಂನ ಪಶ್ಚಿಮ ಫ್ಲಾಂಡರ್ಸಿನಲ್ಲಿದೆ.

ರೋಡೆನ್‌ಬಾಖ್ ಸಹೋದರರು ರೂಸೆಲಾರೆಯಲ್ಲಿ ಬ್ರೂವರಿ ಹಿಡಿದದ್ದು 1821ರಲ್ಲಿ. ಅವರಲ್ಲೊಬ್ಬನಾದ ಅಲೆಕ್ಸಾಂಡರ್ ಕಣ್ಣು ಕಾಣದವನು. 1830ರಲ್ಲಿ ಬೆಲ್ಜಿಯಂ ಸ್ವತಂತ್ರವಾದಾಗ ಅದರ ರಾಷ್ಟ್ರೀಯ ಕಾಂಗ್ರೆಸ್ಸಿನಲ್ಲಿ ಸದಸ್ಯನಾಗಿದ್ದ. ಆದರೆ ಇಂದಿನ ಬಿಯರಿನ ರೂಪ ಕೊಟ್ಟವನು ಮುಂದೆ ಬಂದ ಪೀಳಿಗೆಯ ಯುಜೀನ್. 1878ರಲ್ಲಿ ಬ್ರೂವರಿಯ ಹೊಣೆ ಹೊತ್ತ ಅವನು ಇಂಗ್ಲೆಂಡಿಗೆ ಹೋಗಿ, ಬಿಯರನ್ನು ಓಕ್ ತೊಟ್ಟಿಗಳಲ್ಲಿ ಮಾಗಿಸುವುದನ್ನೂ ಹಳೆಯದಕ್ಕೆ ಹೊಸದನ್ನು ಬೆರೆಸುವುದನ್ನೂ ಕಲಿತು ಬಂದ. ಆ ಪದ್ಧತಿ ಇಂಗ್ಲೆಂಡಿನಲ್ಲಿ ಎಷ್ಟು ದೊಡ್ಡದಾಗಿತ್ತೆಂದರೆ, 1814ರ ಅಕ್ಟೋಬರಿನಲ್ಲಿ ಲಂಡನ್ನಿನ ಮ್ಯೂ ಬ್ರೂವರಿಯಲ್ಲಿ ಪೋರ್ಟರ್ ಎಂಬ ಕಪ್ಪು ಬಿಯರಿನ ತೊಟ್ಟಿಯೊಂದು ಒಡೆದು ಹರಿದ ಬಿಯರಿಗೆ ಸಿಕ್ಕಿ ಎಂಟು ಜನ ಸತ್ತಿದ್ದರು. ಸ್ಟೌಟು ಹುಟ್ಟಿದ್ದು ಆ ಪೋರ್ಟರಿನ ಮನೆಯಲ್ಲೇ. ಹಾಗಾಗಿ ಷಿಕಾಗೋದ ಬಿಯರೂ ರೂಸೆಲಾರೆಯ ಬಿಯರೂ ಒಂದೇ ಹಳೆಯ ನೆಲಮಾಳಿಗೆಯ ವಾರಸುದಾರರು. ಒಬ್ಬರಿಗೆ ಅಲ್ಲಿನ ಕಪ್ಪು ಬಿಯರು ಬಂತು, ಇನ್ನೊಬ್ಬರಿಗೆ ತೊಟ್ಟಿ ಬಂತು. ಇಂಗ್ಲೆಂಡಿನಲ್ಲಿ ಆ ಪದ್ಧತಿ ಬಹುಮಟ್ಟಿಗೆ ಅಳಿಯಿತು, ಫ್ಲಾಂಡರ್ಸಿನಲ್ಲಿ ಉಳಿಯಿತು.

ಆ ಓಕ್ ತೊಟ್ಟಿಗಳನ್ನು ಅಲ್ಲಿ ಫೂಡರ್ ಎನ್ನುತ್ತಾರೆ. ರೋಡೆನ್‌ಬಾಖ್‌ನಲ್ಲಿ ಅಂಥವು 294 ಇವೆ. ದೊಡ್ಡವು 65,000 ಲೀಟರಿನವರೆಗೂ ಹಿಡಿಯುತ್ತವೆ, ಕೆಲವಕ್ಕೆ ನೂರು ವರ್ಷ ದಾಟಿದೆ. ಹಲಗೆ ಬದಲಿಸಿ, ಒಳಮೈ ಕೆರೆದು, ಸೋರದಂತೆ ನೋಡಿಕೊಳ್ಳಲು ಬ್ರೂವರಿ ತನ್ನದೇ ಬಡಗಿಗಳನ್ನು ಇಟ್ಟುಕೊಂಡಿದೆ. ಕಾಯಿಸಿ ಹುದುಗಿಸಿದ ಬಿಯರನ್ನು ಈ ಫೂಡರುಗಳಲ್ಲಿ ಸುಮಾರು ಎರಡು ವರ್ಷ ಬಿಡುತ್ತಾರೆ. ಲ್ಯಾಕ್ಟಿಕ್ ಬ್ಯಾಕ್ಟೀರಿಯಾ ಮೊಸರಿನಲ್ಲಿರುವ ಆಮ್ಲವನ್ನೇ ಇಲ್ಲೂ ಮಾಡುತ್ತದೆ. ಬ್ರೆಟನೊಮೈಸಿಸ್ ಉಳಿದ ಸಕ್ಕರೆಯನ್ನು ಮೆಲ್ಲಗೆ ತಿಂದು ಬಿಯರನ್ನು ಒಣಗಿಸುತ್ತದೆ. ಮರದಿಂದ ನುಸುಳುವ ಗಾಳಿಯಿಂದ ಚೂರು ಅಸಿಟಿಕ್ ಆಮ್ಲ ಹುಟ್ಟುತ್ತದೆ. ಆಮ್ಲಗಳೂ ಆಲ್ಕೋಹಾಲೂ ಸೇರಿ ಹಣ್ಣಿನ ಪರಿಮಳದ ಎಸ್ಟರುಗಳಾಗುತ್ತವೆ. ಗಾಳಿ ಹೆಚ್ಚಾದರೆ ವಿನೆಗರ್, ಇನ್ನೂ ಹೆಚ್ಚಾದರೆ ಉಗುರಿನ ಬಣ್ಣ ತೆಗೆಯುವ ದ್ರವದ ಘಾಟು. ಫೂಡರು ದೊಡ್ಡದಿರಬೇಕಾದದ್ದು ಇದಕ್ಕೇ.

ಇಷ್ಟಾದರೂ ಯಾವ ಎರಡು ಫೂಡರುಗಳೂ ಒಂದೇ ಬಿಯರನ್ನು ಕೊಡುವುದಿಲ್ಲ. ಒಂದು ಹೆಚ್ಚು ಹುಳಿ, ಇನ್ನೊಂದು ಹೆಚ್ಚು ಒಗರು, ಮತ್ತೊಂದು ಹಣ್ಣಿನ ಕಡೆಗೆ ವಾಲಿದ್ದು. ಗ್ರಾಂ ಕ್ರೂ ಹುಟ್ಟುವುದು ಇವುಗಳನ್ನು ರುಚಿ ನೋಡಿ ಬೆರೆಸುವ ಕೈಯಲ್ಲಿ. ಅದರಲ್ಲಿ ಸುಮಾರು ಮೂರನೆಯ ಎರಡು ಪಾಲು ಮಾಗಿದ ಬಿಯರು, ಒಂದು ಪಾಲು ಹೊಸದು. ಹೊಸ ಬಿಯರು ಮಾಲ್ಟಿನ, ಅಂದರೆ ಮೊಳೆಸಿದ ಬಾರ್ಲಿಯ, ಸಿಹಿಯನ್ನೂ ತಾಜಾತನವನ್ನೂ ತರುತ್ತದೆ, ಹಳೆಯದು ಹುಳಿ, ಒಗರು ಮತ್ತು ಆಳವನ್ನು ತರುತ್ತದೆ. ಆಲ್ಕೋಹಾಲು ಶೇ 6 ಮಾತ್ರ.

ಲೋಟದಲ್ಲಿ ಇದು ಕೆಂಪು ಬೆರೆತ ಕಂದು. ಮೂಗಿಗೆ ಚೆರಿ, ಹಸಿರು ಸೇಬು, ಒಂದು ಎಳೆ ವಿನೆಗರ್, ಹಿಂದೆಲ್ಲೋ ಒಣಮರ. ಈ ಬಿಯರಿಗೆ ಯಾವ ಹಣ್ಣನ್ನೂ ಹಾಕಿಲ್ಲ ಎಂಬುದನ್ನು ಮೊದಲ ಸಲ ಕುಡಿಯುವವರು ನಂಬುವುದು ಕಷ್ಟ. ಬಾಯಿಗೆ ಹುಳಿ ಮೊದಲು ಬರುತ್ತದೆ, ಚುರುಕಾಗಿ. ಅದು ಚುಚ್ಚುವ ಮೊದಲೇ ಮಾಲ್ಟಿನ ಸಿಹಿ ಬಂದು ಹಿಡಿಯುತ್ತದೆ. ಆ ಸಿಹಿ ಅಂಟಿ ಕೂರುವ ಮೊದಲೇ ಒಗರು ಬಂದು ಒರೆಸಿ ಹೋಗುತ್ತದೆ. ಬಾಯಿ ಸ್ವಚ್ಛವಾಗುತ್ತದೆ, ಹಸಿವೂ ಆಗುತ್ತದೆ. ಬ್ರಿಟನ್ನಿನ ಬಿಯರ್ ಲೇಖಕ ಮೈಕಲ್ ಜಾಕ್ಸನ್ (1942–2007) ದಾಹ ತಣಿಸುವ ಬಿಯರುಗಳಲ್ಲಿ ಇದಕ್ಕೆ ಬಹಳ ಎತ್ತರದ ಜಾಗ ಕೊಟ್ಟಿದ್ದ. ಎರಡು ವರ್ಷ ಮರದಲ್ಲಿ ಕಳೆದ ಪಾನೀಯವೊಂದು ದಾಹಕ್ಕೆ ಆಗುತ್ತದೆ ಎನ್ನುವುದೇ ಈ ಕಸುಬಿಗೆ ಸಲ್ಲುವ ದೊಡ್ಡ ಹೊಗಳಿಕೆ. ಇಲ್ಲಿ ಓಕು ತಾನು ಓಕೆಂದು ಸಾರಿಕೊಳ್ಳುವುದಿಲ್ಲ. ಆದರೆ ಅದಿಲ್ಲದೆ ಈ ಹುಳಿಯಿಲ್ಲ, ಈ ಹಣ್ಣಿನ ಪರಿಮಳವಿಲ್ಲ, ಈ ಒಗರೂ ಇಲ್ಲ.

ಇದೇ ಬ್ರೂವರಿ ‘ವಿಂಟೇಜ್’ ಎಂಬ ಬಿಯರನ್ನೂ ತರುತ್ತದೆ. ಒಂದೇ ಫೂಡರನ್ನು ಆರಿಸಿ, ಹೊಸ ಬಿಯರಿನ ಬೆರಕೆಯಿಲ್ಲದೆ ಬಾಟಲಿಗೆ ತುಂಬಿದ್ದು ಅದು, ಆಲ್ಕೋಹಾಲು ಶೇ 7. ಅಪರೂಪ, ಬೆಲೆಯೂ ಹೆಚ್ಚು, ಅಭಿಮಾನಿಗಳು ಅದನ್ನೇ ಮೇಲೆಂದು ಹೇಳುವುದನ್ನು ಕೇಳಿದ್ದೇನೆ. ಹುಳಿಯ ತೀಕ್ಷ್ಣತೆಯಲ್ಲಿ, ಒಗರಿನ ದೃಢತೆಯಲ್ಲಿ ಅದು ಮೇಲೇ ಇರಬಹುದು. ಆದರೂ ನನ್ನ ಆಯ್ಕೆ ಗ್ರಾಂ ಕ್ರೂ. ವಿಂಟೇಜಿನಲ್ಲಿ ಒಂದು ಫೂಡರಿನ ಸ್ವಭಾವ ಸಿಗುತ್ತದೆ. ಗ್ರಾಂ ಕ್ರೂನಲ್ಲಿ ಅನೇಕ ಫೂಡರುಗಳ ಅತಿಗಳನ್ನು ಒಂದರಿಂದ ಒಂದನ್ನು ತಿದ್ದಿಸಿದ ಮನುಷ್ಯನ ವಿವೇಕ ಸಿಗುತ್ತದೆ. ಹೊಸ ಬಿಯರನ್ನು ಸೇರಿಸುವುದು ಕಲಬೆರಕೆಯಲ್ಲ. ಮಾಗಿದ್ದಕ್ಕೆ ಮಾಗದ್ದು ಬೇಕು ಎಂದು ಅರಿತವರು ಮಾಡುವ ಕೆಲಸ ಅದು.

ಗ್ರಾಂ ಕ್ರೂಗೆ ದೋಷವಿಲ್ಲವೆಂದಲ್ಲ. ಅದರ ಸಮತೋಲವೇ ಕೆಲವು ಸಲ ಅದರ ಮಿತಿ. ಕಾಡು ಯೀಸ್ಟಿನ ಕೊಟ್ಟಿಗೆ ವಾಸನೆ, ಬಾಟಲಿಯಿಂದ ಬಾಟಲಿಗೆ ಬದಲಾಗುವ ಹುಡುಗಾಟ ಇಷ್ಟಪಡುವವರು ಬ್ರಸೆಲ್ಸಿನ ಕಾಂತಿಯೋನ್ ಬ್ರೂವರಿಯ ಲ್ಯಾಂಬಿಕ್‌ಗೆ ಹೋಗಬೇಕು. ಅಲ್ಲಿ ಗಾಳಿಯಲ್ಲಿರುವ ಯೀಸ್ಟುಗಳೇ ಬಿಯರನ್ನು ಹುದುಗಿಸುತ್ತವೆ. ಅದರ ಮುಂದೆ ಗ್ರಾಂ ಕ್ರೂ ತುಂಬ ಸಭ್ಯವಾಗಿ ಕಾಣುತ್ತದೆ. ಸರಿಯಾಗಿ ಇಡದ ಬಾಟಲಿಗಳಲ್ಲಿ ವಿನೆಗರಿನ ಕಡೆ ಜಾರಿದ್ದನ್ನೂ ಕುಡಿದಿದ್ದೇನೆ. ಮಾಲೀಕತ್ವದ ವಿಷಯದಲ್ಲೂ ಇದು ಗೂಸ್ ಐಲ್ಯಾಂಡಿಗಿಂತ ಪವಿತ್ರವಲ್ಲ. 1998ರಲ್ಲಿ ಪಾಮ್ ಬ್ರೂವರಿ ರೋಡೆನ್‌ಬಾಖನ್ನು ಕೊಂಡಿತು, 2016ರಲ್ಲಿ ಪಾಮ್ ಡಚ್ ಕಂಪನಿಯೊಂದರ ತೆಕ್ಕೆಗೆ ಹೋಯಿತು. ಫೂಡರುಗಳು ಉಳಿದವು, ಬಡಗಿಗಳು ಉಳಿದರು. ಬಿಯರಿನ ವಿಮರ್ಶೆಗೆ ಮುಖ್ಯವಾದದ್ದು ಅದು.

ಈ ಎರಡನ್ನು ಹೋಲಿಸುವುದೇ ಅನ್ಯಾಯ ಎನ್ನುವವರಿದ್ದಾರೆ. ಒಂದು ಊಟದ ಕೊನೆಯ ಪಾನೀಯ, ಇನ್ನೊಂದು ಊಟದ ಜೊತೆಯದು. ಒಂದು ಚಳಿಗಾಲದ್ದು, ಇನ್ನೊಂದು ಬಿಸಿಲಿನದು. ಈ ಮಾತು ಸ್ಟೌಟಿಗೂ ಹುಳಿ ಬಿಯರಿಗೂ ಹೊಂದುತ್ತದೆ, ಪೀಪಾಯಿಯ ಬಳಕೆಗೆ ಹೊಂದುವುದಿಲ್ಲ. ಬಳಕೆಯನ್ನು ಹೋಲಿಸಿದರೆ ವ್ಯತ್ಯಾಸ ಸ್ಪಷ್ಟ: ಬರ್ಬನ್ ಪೀಪಾಯಿ ಬೇರೊಂದು ಪಾನೀಯದ ರುಚಿಯನ್ನು ಬಿಯರಿಗೆ ದಾಟಿಸುತ್ತದೆ, ಫೂಡರು ಬಿಯರಿನಲ್ಲಿ ಅಡಗಿದ್ದನ್ನು ಹೊರಗೆ ತರುತ್ತದೆ. ದಾಟಿಸಿದ ರುಚಿಯನ್ನು ನಕಲು ಮಾಡುವುದು ಸುಲಭ. ಬರ್ಬನ್ ಕೌಂಟಿಯ ನಂತರ ಅಮೆರಿಕದಲ್ಲಿ ಅಸಂಖ್ಯ ಬ್ರೂವರಿಗಳು ತಮ್ಮ ತಮ್ಮ ದಪ್ಪ ಸ್ಟೌಟನ್ನು ಬರ್ಬನ್ ಪೀಪಾಯಿಗೆ ಇಳಿಸಿದವು. ಕಣ್ಣು ಮುಚ್ಚಿ ಕುಡಿದರೆ ಅವುಗಳಲ್ಲಿ ಹಲವನ್ನು ಬೇರ್ಪಡಿಸುವುದು ಕಷ್ಟ. ಫೂಡರಿನ ಕಸುಬು ಹಾಗೆ ಹರಡಲಿಲ್ಲ, ಕಲಿತವರ ಕೈಯಲ್ಲಿ ಸಾಗಿತು. ರೋಡೆನ್‌ಬಾಖ್‌ನಲ್ಲಿ ಕೆಲಸ ಮಾಡಿದ್ದ ಪೀಟರ್ ಬೌಕಾರ್ಟ್ 1996ರಲ್ಲಿ ಕೊಲೊರಾಡೋದ ಫೋರ್ಟ್ ಕಾಲಿನ್ಸ್‌ನ ನ್ಯೂ ಬೆಲ್ಜಿಯಂ ಬ್ರೂವರಿಗೆ ಬಂದು ‘ಲಾ ಫೋಲಿ’ ಎಂಬ ಹುಳಿ ಬಿಯರನ್ನು ಕಟ್ಟಿದ. ಅದು ಗ್ರಾಂ ಕ್ರೂನ ನಕಲಲ್ಲ. ಹೆಚ್ಚು ತೀಕ್ಷ್ಣ, ಹೆಚ್ಚು ಹಟಮಾರಿ. ಕಸುಬು ಒಂದೇ ಆದರೂ ನೆಲ ಬೇರೆಯಾದಾಗ ಬಿಯರೂ ಬೇರೆಯಾಯಿತು.

ಬೆಂಗಳೂರಿನ ಮೈಕ್ರೋಬ್ರೂವರಿಗಳಿಗೂ ಇದರಲ್ಲಿ ಯೋಚಿಸುವಂಥದ್ದಿದೆ. ಅಲ್ಲಿ ಬಿಯರು ಬಹುಮಟ್ಟಿಗೆ ಕಾಯಿಸಿದ ಕಟ್ಟಡದಲ್ಲೇ, ಕೆಲವೇ ವಾರಗಳಲ್ಲಿ ಖರ್ಚಾಗುತ್ತದೆ. ತಿಂಗಳುಗಟ್ಟಲೆ ಪೀಪಾಯಿಯಲ್ಲಿ ಕೂರುವ ಬಿಯರು ಜಾಗವನ್ನೂ ಹಣವನ್ನೂ ಕಟ್ಟಿಹಾಕುತ್ತದೆ. ಬರ್ಬನ್ ಪೀಪಾಯಿಗಳು ನಗರಕ್ಕೆ ಹೊಸವಲ್ಲ, 2004ರಲ್ಲಿ ಗ್ಲಾಸ್ಗೋದಲ್ಲಿ ಬಿಡುಗಡೆಯಾದ ಅಮೃತ್ ಸಿಂಗಲ್ ಮಾಲ್ಟ್ ಮಾಗಿದ್ದು ಅಂಥವುಗಳಲ್ಲೇ. ಅದರ ಅನುಭವದಿಂದಲೇ ತಿಳಿದಿರುವಂತೆ ಸ್ಕಾಟ್ಲೆಂಡಿನ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಶೇ 2 ಆವಿಯಾದರೆ, ಬೆಂಗಳೂರಿನಲ್ಲಿ ಶೇ 10ಕ್ಕೂ ಹೆಚ್ಚು ಹೋಗುತ್ತದೆ. ವಿಸ್ಕಿಗೆ ಆ ಬಿಸಿ ವರವಾಯಿತು, ಬೇಗ ಮಾಗಿತು. ಬಿಯರಿಗೆ ಅದೇ ಬಿಸಿ ಅಪಾಯ, ವಿನೆಗರಿನ ಬ್ಯಾಕ್ಟೀರಿಯಾ ಅಲ್ಲಿ ಹುರುಪಾಗಿರುತ್ತದೆ. ತಂಪಿನ ಕೋಣೆಯ ಖರ್ಚು ಮಾಡದೆ, ವಿಸ್ಕಿ ಪೀಪಾಯಿಯಲ್ಲಿ ಕೆಲವು ವಾರ ಇಟ್ಟು ಲೇಬಲ್ ಅಂಟಿಸಿದರೆ ಸಿಗುವುದು ವಿಸ್ಕಿಯ ವಾಸನೆ ಹೊಡೆಯುವ ಬಿಯರು ಅಷ್ಟೇ. ಕೆಲವೇ ಪೀಪಾಯಿಗಳನ್ನು ಇಟ್ಟು, ಪ್ರತಿಯೊಂದನ್ನೂ ರುಚಿ ನೋಡಿ, ಆಗದ್ದನ್ನು ಚೆಲ್ಲಿ, ಆದದ್ದನ್ನು ತಾಜಾ ಬಿಯರಿನೊಂದಿಗೆ ಬೆರೆಸುವ ಧೈರ್ಯ ಮಾಡಿದರೆ ಈ ಊರಿನದೇ ಆದ ಬಿಯರೊಂದು ಹುಟ್ಟಬಹುದು. ನಮ್ಮ ಬ್ರೂವರುಗಳಿಗೆ ಅದಕ್ಕೆ ಬೇಕಾದ ಕೈ ಇದೆ ಎಂದು ನಾನು ನಂಬುತ್ತೇನೆ.

ಬರ್ಬನ್ ಕೌಂಟಿಯನ್ನು ವರ್ಷಕ್ಕೊಮ್ಮೆ ಗೆಳೆಯರೊಂದಿಗೆ ಹಂಚಿಕೊಂಡು ಕುಡಿಯಿರಿ. ಏನನ್ನೂ ಸೇರಿಸದ ಮೂಲ ಆವೃತ್ತಿಯನ್ನೇ ಆರಿಸಿ. ಅದು ಹೊಸ ಪ್ರಕಾರವೊಂದನ್ನು ತೆರೆದ ಬಿಯರು, ಆ ಗೌರವ ಅದಕ್ಕೆ ಸಲ್ಲಬೇಕು. ಆದರೆ ಪೀಪಾಯಿ ಬಿಯರಿಗೆ ಏನು ಕೊಡಬಲ್ಲದು ಎಂದು ತಿಳಿಯಬೇಕಾದರೆ ಗ್ರಾಂ ಕ್ರೂ ಕುಡಿಯಬೇಕು. ಅಲ್ಲಿ ಮರ, ಕಾಲ, ಬ್ಯಾಕ್ಟೀರಿಯಾ ಮೂರೂ ಸೇರಿ ಮಾಡಿದ ಕೆಲಸವನ್ನು ಒಬ್ಬರು ನಾಲಿಗೆಯ ಮೇಲಿಟ್ಟು ಇದು ಸಾಕು, ಇದು ಹೆಚ್ಚಾಯಿತು ಎಂದು ನಿರ್ಧರಿಸಿರುತ್ತಾರೆ. ಪೀಪಾಯಿಯ ಹೆಸರಿನಲ್ಲಿ ಹೆಚ್ಚು ಬೆಲೆ ಕೇಳುವ ಯಾವ ಬಿಯರಿನಿಂದಲಾದರೂ ನಾವು ಕೇಳಬೇಕಾದದ್ದು ಆ ನಿರ್ಧಾರವನ್ನು. ಮರವನ್ನು ಹಣ ಕೊಟ್ಟರೆ ಯಾರು ಬೇಕಾದರೂ ತರಬಹುದು, ಎಲ್ಲಿ ನಿಲ್ಲಿಸಬೇಕೆಂಬ ತಿಳಿವಳಿಕೆಯನ್ನು ತರಲಾಗುವುದಿಲ್ಲ.